ಕೀ ತೆಗೆದರೂ ಕಾಯಿಲ್‌ಗೆ ಕರೆಂಟು: ಹಳೆಯ ಕಾರು ಇರುವವರು ದಯವಿಟ್ಟು ಓದಿ

ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ಕಾರು ಇಟ್ಟುಕೊಂಡಿರುವವರು ಇಗ್ನಿಷನ್ ಕೆಲಸಕ್ಕೆ ಗಾಡಿ ಬಿಡುವ ಮುನ್ನ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಕಾರು ಬೆಂಕಿಗೆ ಆಹುತಿಯಾಗದೆ ಉಳಿದದ್ದೇ ಪುಣ್ಯ.

ಹಳ್ಳ ದಿಣ್ಣೆ ಬಂದಾಗಲೆಲ್ಲ ಎಂಜಿನ್ ಆಫ್ ಆಗುತ್ತಿತ್ತು. ಕೀ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದಿದೆ ಎಂದ ಎಲೆಕ್ಟ್ರಿಷಿಯನ್, ಹೊಸ ಇಗ್ನಿಷನ್ ಸ್ವಿಚ್ಚಿಗೆಂದು ಹಣ ಪಡೆದು ಬಿಲ್ಲಿನಲ್ಲೂ ಹಾಗೆಯೇ ಬರೆದುಕೊಟ್ಟರು. ಗಾಡಿ ಒಪ್ಪಿಸುವಾಗ ಡ್ಯಾಶ್‌ಬೋರ್ಡ್ ಕೆಳಗೆ ಸಣ್ಣ ಸ್ವಿಚ್ಚೊಂದನ್ನು ತೋರಿಸಿ, "ಇದು ಕಳ್ಳರಿಗೆ ಗೊತ್ತಾಗಲ್ಲ ಸಾರ್, ನಿಮಗೋಸ್ಕರ ಫ್ರೀಯಾಗಿ ಹಾಕಿದ್ದೀನಿ, ನಿಲ್ಲಿಸುವಾಗ ಇದನ್ನೂ ಆಫ್ ಮಾಡಿ" ಎಂದರು. ನಾನು ಧನ್ಯವಾದ ಹೇಳಿ ಬಂದೆ. ಅಂಥವರಿಗೆ ಧನ್ಯವಾದ ಹೇಳಿ ಬಂದೆನಲ್ಲ ಎಂದು ಈಗಲೂ ಮೈ ಉರಿಯುತ್ತದೆ.

ಒಂದು ದಿನ ನನ್ನ ತಮ್ಮ ಕಾರನ್ನು ಮನೆಯ ಮುಂದೆ ನಿಲ್ಲಿಸುವಾಗ ಎಂಜಿನ್ ತಾನಾಗಿಯೇ ನಿಂತಿತು. ಎಲ್ಲರೂ ಮಾಡುವಂತೆ ಅವನು ಕೀ ತೆಗೆದುಕೊಂಡು ಒಳಗೆ ಬಂದ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂದಿತೆಂದು ಬಾನೆಟ್ ಎತ್ತಿದರೆ, ಸ್ಪಾರ್ಕ್ ಪ್ಲಗ್ಗಿಗೆ ಹೆಚ್ಚು ವೋಲ್ಟೇಜ್ ಕೊಡುವ, ಒಳಗೆ ಎಣ್ಣೆ ತುಂಬಿದ ಕಾಯಿಲ್ ಮುಟ್ಟಲಾಗದಷ್ಟು ಕಾದು ಎಣ್ಣೆ ಸೋರುತ್ತಿತ್ತು, ಅದರ ಬಳಿಯ ವೈರಿನ ಪ್ಲಾಸ್ಟಿಕ್ ಕರಗಿ ತಾಮ್ರ ಕಾಣುತ್ತಿತ್ತು.

ಬೇರೊಬ್ಬ ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗಲೇ ಮೋಸ ತಿಳಿದದ್ದು. ಸವೆದ ಹಳೆಯ ಕೀ ಸ್ವಿಚ್ ಇದ್ದಲ್ಲೇ ಇತ್ತು! ಬ್ಯಾಟರಿಯಿಂದ ಕಾಯಿಲ್‌ಗೆ ನೇರವಾಗಿ ಒಂದು ತೆಳು ವೈರ್ ಎಳೆದು, ಫ್ಯೂಸ್ ಕೂಡ ಇಡದೆ, ನಡುವೆ ಮನೆಯ ಲೈಟಿಗೆ ಹಾಕುವ ಸ್ವಿಚ್ ಸೇರಿಸಿ, ಜಾಯಿಂಟುಗಳನ್ನು ಕೈಯಲ್ಲೇ ತಿರುಚಿ ಟೇಪ್ ಸುತ್ತಿದ್ದರು. ಓಡುವಾಗ ಪಾಯಿಂಟ್, ಅಂದರೆ ಕಾಯಿಲ್‌ನ ಕರೆಂಟನ್ನು ಕಡಿದು ಕೂಡಿಸುವ ಕಾಂಟ್ಯಾಕ್ಟ್, ತೆರೆದು ಮುಚ್ಚುತ್ತಿರುವುದರಿಂದ ಕಾಯಿಲ್‌ಗೆ ಬಿಡುವು ಸಿಗುತ್ತದೆ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಎಂಜಿನ್ ನಿಂತರೆ, 12 ವೋಲ್ಟಿನಲ್ಲಿ ಸುಮಾರು 4 ಆಂಪಿಯರ್ ಒಂದೇ ಸಮನೆ ಹರಿದು ಕಾಯಿಲ್ ಬೇಯುತ್ತದೆ. ಕೀ ತೆಗೆದೊಡನೆ ಇದು ನಿಲ್ಲಬೇಕಿತ್ತು, ಆ ದಾರಿಯನ್ನೇ ಅವರು ತಪ್ಪಿಸಿದ್ದರು.

ಫೋನ್ ಮಾಡಿದರೆ ಬಂದ ಉತ್ತರ, "ಹಳೇ ಗಾಡಿ ಸಾರ್, ಹೀಗೆಲ್ಲ ಆಗ್ತಿರುತ್ತೆ." ಬಿಲ್ಲಿನಲ್ಲಿ ಹೊಸ ಸ್ವಿಚ್ ಎಂದಿದೆಯಲ್ಲ ಎಂದು ಕೇಳಿದ್ದಕ್ಕೆ, "ಹಾಕಿದ್ದೀನಲ್ಲ ಸಾರ್, ಅದೂ ಸ್ವಿಚ್ಚೇ, ಅದೂ ಹೊಸದೇ. ನಿಮ್ಮ ತಮ್ಮ ಆಫ್ ಮಾಡಿಲ್ಲ ಅಂದ್ರೆ ನಾನೇನು ಮಾಡ್ಲಿ?" ಅದೂ ಸ್ವಿಚ್ಚೇ ಅಂತೆ! ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ದಯವಿಟ್ಟು ಬಿಚ್ಚಿದ ಹಳೆಯ ಭಾಗವನ್ನು ಕೈಗೆ ಪಡೆಯದೆ ಹಣ ಕೊಡಬೇಡಿ. ಕೀ ತೆಗೆದ ಮೇಲೆ ಕಾಯಿಲ್‌ನ ಪಾಸಿಟಿವ್ ಟರ್ಮಿನಲ್‌ಗೆ ಟೆಸ್ಟ್ ಲ್ಯಾಂಪ್ ಹಿಡಿಸಿ. ಅದು ಉರಿದರೆ ಗಾಡಿಯನ್ನು ಅಲ್ಲಿಂದ ಕದಲಿಸಬೇಡಿ. ಫ್ರೀಯಾಗಿ ಏನಾದರೂ ಹಾಕಿದ್ದೇನೆ ಎಂದರೆ ಮೊದಲು ಅದನ್ನೇ ಬಿಚ್ಚಿಸಿ ನೋಡಿ. ಆ ಬಿಲ್ಲನ್ನೂ ಸ್ವಿಚ್ಚನ್ನೂ ನಾನು ಎತ್ತಿಟ್ಟಿದ್ದೇನೆ, ಹಣ ವಾಪಸ್ ಬರುವವರೆಗೂ ಕೇಳುತ್ತಲೇ ಇರುತ್ತೇನೆ.