ವಿಷಾನಿಲ ನಿಷೇಧ: ಸೆಮಿನಾರ್‌ಗೆ 1925ರ ಒಪ್ಪಂದವೋ, 1993ರದ್ದೋ?

ಕಾನೂನು ಓದುವವರು ರಾಸಾಯನಿಕ ಅಸ್ತ್ರಗಳ ಬಗ್ಗೆ ಸೆಮಿನಾರ್ ಮಾಡಬೇಕೆಂದರೆ ಎದುರಿಗೆ ಎರಡು ಒಪ್ಪಂದಗಳಿರುತ್ತವೆ.

1925ರ ಜಿನೀವಾ ಪ್ರೋಟೊಕಾಲ್ ತುಂಬಾ ಚಿಕ್ಕದು, ಒಂದೇ ಕೂತಿನಲ್ಲಿ ಓದಿ ಮುಗಿಸಬಹುದು. ಯುದ್ಧದಲ್ಲಿ ವಿಷಾನಿಲ ಬಳಸಬಾರದು ಎನ್ನುತ್ತದೆ, ರೋಗಾಣುಗಳನ್ನೂ ಸೇರಿಸುತ್ತದೆ. ಆದರೆ ತಯಾರಿಸಿ ಗೋದಾಮಿನಲ್ಲಿ ಇಟ್ಟುಕೊಂಡರೆ? ಅದಕ್ಕೆ ತಡೆಯಿಲ್ಲ. 'ಅವರು ಮೊದಲು ಹಾಕಿದರೆ ನಾವೂ ಹಾಕುತ್ತೇವೆ' ಎಂಬ ಷರತ್ತಿನ ಮೇಲೆ ಸಹಿ ಹಾಕಿದ ದೇಶಗಳೂ ಬಹಳ. ತಪಾಸಣೆ ಅಂತೂ ಇಲ್ಲವೇ ಇಲ್ಲ. ಇರಾಕ್ ಇದಕ್ಕೆ ಸೇರಿದ್ದ ದೇಶವೇ. ಆದರೂ 1980ರ ದಶಕದಲ್ಲಿ ಇರಾನ್ ಸೈನಿಕರ ಮೇಲೆ ವಿಷಾನಿಲ ಬಿಟ್ಟಿತು. 1988ರ ಮಾರ್ಚ್‌ನಲ್ಲಿ ತನ್ನದೇ ನೆಲದ ಹಲಬ್ಜಾ ಪಟ್ಟಣದ ಕುರ್ದ್ ಜನರನ್ನು ಸಾವಿರಗಟ್ಟಲೆ ಕೊಂದಿತು.

1993ರದ್ದು, ಅಂದರೆ ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದ (ಕೆಮಿಕಲ್ ವೆಪನ್ಸ್ ಕನ್ವೆನ್ಷನ್), ದಪ್ಪ ಪುಸ್ತಕ. ಜಾರಿಗೆ ಬಂದದ್ದು 1997ರ ಏಪ್ರಿಲ್ 29ಕ್ಕೆ. ತಯಾರಿ, ಸಂಗ್ರಹ, ಮಾರಾಟ, ಬಳಕೆ ಎಲ್ಲಕ್ಕೂ ನಿಷೇಧ. ಇದ್ದದ್ದನ್ನು ನಾಶ ಮಾಡಲೇಬೇಕು. ತಪಾಸಣೆ ಮಾಡಿ ನೋಡಿಕೊಳ್ಳಲು ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಒಪಿಸಿಡಬ್ಲ್ಯೂ (ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ) ಎಂಬ ಸಂಸ್ಥೆಯಿದೆ, 2013ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದದ್ದು. ಭಾರತ ತನ್ನ ದಾಸ್ತಾನನ್ನು 2009ರಲ್ಲೇ ಮುಗಿಸಿತು, ಅಮೆರಿಕ 2023ರವರೆಗೆ ಎಳೆಯಿತು. ಈಜಿಪ್ಟ್, ಉತ್ತರ ಕೊರಿಯಾ ಇನ್ನೂ ಹೊರಗೇ ಇವೆ. ಒಂದು ವಿಚಿತ್ರ: ಅಶ್ರುವಾಯುವನ್ನು ಯುದ್ಧದಲ್ಲಿ ಅಸ್ತ್ರವಾಗಿ ಬಳಸುವಂತಿಲ್ಲ, ಪೊಲೀಸರು ಬೀದಿಯಲ್ಲಿ ಬಳಸಬಹುದು!

ಇತಿಹಾಸ ಇಷ್ಟವಿದ್ದರೆ, ಸಮಯ ಕಡಿಮೆಯಿದ್ದರೆ ಮೊದಲನೆಯದು ಸಾಕು. ನಾನಾದರೆ ಎರಡನೆಯದನ್ನೇ ಹಿಡಿಯುತ್ತೇನೆ, ಅದೂ ಬರೀ ತಪಾಸಣೆಯ ಭಾಗವನ್ನು. ಪೂರ್ತಿ ಹೇಳಹೊರಟರೆ ಸೆಮಿನಾರಿನ ಅರ್ಧ ಗಂಟೆ ಎಲ್ಲಿ ಸಾಲುತ್ತದೆ?