ವೈಪು ಗುಹೆಗೆ ಹೋಗುವವರೇ, ಫೋನ್ ಟಾರ್ಚ್ ನಂಬಬೇಡಿ

ನ್ಯೂಜಿಲೆಂಡಿನ ನಾರ್ತ್‌ಲ್ಯಾಂಡ್ ಪ್ರಾಂತ್ಯದ ವೈಪು ಗುಹೆಗೆ ಟಿಕೆಟ್ ಇಲ್ಲ, ಗೈಡ್ ಇಲ್ಲ, ಒಳಗೆ ದೀಪವೂ ಇಲ್ಲ. ಆಕ್ಲೆಂಡಿನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಅದೇ ದೇಶದ ಪ್ರಸಿದ್ಧ ಪ್ರವಾಸಿ ಗುಹೆಗಳ ಊರು ವೈಟೊಮೊದಲ್ಲಿ ದುಡ್ಡು ಕೊಟ್ಟು, ದೋಣಿಯಲ್ಲಿ ಕೂತು ನೋಡುವ ಹೊಳೆಯುವ ಹುಳಗಳನ್ನು ಇಲ್ಲಿ ಪುಕ್ಕಟೆ ನೋಡಬಹುದೆಂದು ಚಪ್ಪಲಿಯಲ್ಲೇ ಬಂದುಬಿಡುತ್ತಾರೆ. ಅಂಥವರ ಭೇಟಿ ಕೆಡುವುದು ಹೆಚ್ಚುಕಡಿಮೆ ಒಂದೇ ಥರ.

ಒಳಗೆ ತೊರೆ ಹರಿಯುತ್ತದೆ. ಸುಣ್ಣಕಲ್ಲಿನ ಮೇಲೆ ಜೇಡಿಮಣ್ಣು ಮೆತ್ತಿರುವುದರಿಂದ ಚಪ್ಪಲಿ ಹಿಡಿತ ಕೊಡುವುದಿಲ್ಲ. ಒಂದು ಕೈಯಲ್ಲಿ ಫೋನ್, ಆಸರೆಗೆ ಉಳಿಯುವುದು ಇನ್ನೊಂದೇ ಕೈ. ಜಾರಿದರೆ ಫೋನ್ ನೀರಿಗೆ ಬೀಳುತ್ತದೆ, ಬೆಳಕೂ ಅದರ ಜೊತೆಗೇ ಹೋಗುತ್ತದೆ. ಆಮೇಲಿನ ಕತ್ತಲು ಕರೆಂಟ್ ಹೋದ ಮನೆಯ ಕತ್ತಲಲ್ಲ, ಸ್ವಂತ ಅಂಗೈ ಕೂಡ ಕಾಣದು.

ಆದ್ದರಿಂದ ತಲೆಗೆ ಕಟ್ಟುವ ಟಾರ್ಚ್ ತಲೆಗೊಂದು, ಅದರ ಮೇಲೆ ಗುಂಪಿಗೆ ಕನಿಷ್ಠ ಒಂದು ಹೆಚ್ಚುವರಿ ಇರಲಿ. ಹಿಡಿತವಿರುವ ಬೂಟು ಬೇಕು. ಹೆಲ್ಮೆಟ್ ಇದ್ದರೆ ಒಳ್ಳೆಯದು, ಚಾವಣಿ ಕೆಲವೆಡೆ ತಗ್ಗಾಗಿದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಮಳೆ. ಗುಹೆಯ ಬಾಯಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದದ್ದು ಇದೇ ತೊರೆಗೆ ಇಳಿಯುತ್ತದೆ, ಇಕ್ಕಟ್ಟಿನಲ್ಲಿ ಬೇಗ ಏರುತ್ತದೆ. ಅದೇ ಪ್ರಾಂತ್ಯದ ಆಬಿ ಗುಹೆಗಳಲ್ಲಿ 2023ರ ಮೇ ತಿಂಗಳಲ್ಲಿ ಶಾಲೆಯ ತಂಡವೊಂದು ಪ್ರವಾಹಕ್ಕೆ ಸಿಕ್ಕಿ ಒಬ್ಬ ವಿದ್ಯಾರ್ಥಿ ಸತ್ತ. ಮಳೆಯ ಮುನ್ಸೂಚನೆಯಿದ್ದರೆ ಹೋಗಬೇಡಿ. ಒಳಗಿದ್ದಾಗ ನೀರು ಕಂದು ತಿರುಗಿದರೆ, ಸದ್ದು ಹೆಚ್ಚಿದರೆ ಫೋಟೋ ಬಿಟ್ಟು ಹೊರಡಿ.

"ಏನೂ ಕಾಣಲಿಲ್ಲ" ಎಂಬ ದೂರೂ ಟಾರ್ಚಿನದೇ ಫಲ. ಇಲ್ಲಿನ ಹೊಳೆಯುವ ಹುಳ ನಮ್ಮ ಮಿಂಚುಹುಳವಲ್ಲ. ಮಿಂಚುಹುಳ ಜೀರುಂಡೆಯ ಜಾತಿ. ಇದು ಅರಾಕ್ನೋಕ್ಯಾಂಪಾ ಲುಮಿನೋಸಾ ಎಂಬ ನೊಣದಂಥ ಕೀಟದ ಮರಿಹುಳ. ಚಾವಣಿಯಿಂದ ಅಂಟುಹನಿಗಳ ರೇಷ್ಮೆ ಎಳೆಗಳನ್ನು ಇಳಿಬಿಟ್ಟು, ನೀಲಿಹಸಿರು ಬೆಳಕಿಗೆ ಮರುಳಾಗಿ ಬರುವ ಸಣ್ಣ ಕೀಟಗಳನ್ನು ಹಿಡಿದು ತಿನ್ನುತ್ತದೆ. ಟಾರ್ಚನ್ನು ನೇರ ಅದರ ಮೇಲೆ ಬಿಟ್ಟರೆ ಬೆಳಕನ್ನು ಕುಗ್ಗಿಸಿಕೊಳ್ಳುತ್ತದೆ. ಎಳೆ ಮುಟ್ಟಿದರೆ ಹರಿಯುತ್ತದೆ, ಹುಳ ಮತ್ತೆ ನೇಯಬೇಕು. ರೆಕ್ಕೆ ಬಂದ ಮೇಲೆ ಅದು ಬದುಕುವುದು ಕೆಲವೇ ದಿನ, ಆಗ ತಿನ್ನುವುದೇ ಇಲ್ಲ. ಬಾಳಿಗೆ ಬೇಕಾದ ಊಟವೆಲ್ಲ ಮರಿಹುಳವಾಗಿದ್ದಾಗಲೇ ಆಗಬೇಕು. ಸೊಳ್ಳೆ ಸ್ಪ್ರೇ ಹಾಕಿಕೊಂಡು ಒಳಗೆ ಹೋಗುವುದಂತೂ ಬೇಡವೇ ಬೇಡ, ಇದೂ ಕೀಟವೇ ತಾನೆ.

ಸರಿಯಾದ ಕ್ರಮ ಇಷ್ಟೇ: ಟಾರ್ಚನ್ನು ಕಾಲಬುಡಕ್ಕೆ ಹಿಡಿದು ನಡೆಯಿರಿ, ಸಮತಟ್ಟು ಜಾಗದಲ್ಲಿ ನಿಂತು ಎಲ್ಲರೂ ಒಟ್ಟಿಗೆ ಆರಿಸಿ, ಹತ್ತು ನಿಮಿಷ ಸುಮ್ಮನಿರಿ. ಕಣ್ಣು ಕತ್ತಲಿಗೆ ಒಗ್ಗುತ್ತ ಒಂದೊಂದೇ ಚುಕ್ಕಿ ಮೂಡುತ್ತದೆ. ಜಾಹೀರಾತಿನ ನೀಲಿ ಆಕಾಶ ಮಾತ್ರ ಕಾಣದು. ಅದು ಕ್ಯಾಮರಾವನ್ನು ಸ್ಟ್ಯಾಂಡಿಗೆ ಹಾಕಿ ಎಷ್ಟೋ ಹೊತ್ತು ಬೆಳಕು ಹೀರಿಸಿ ತೆಗೆದದ್ದು.

ಒಳಗೆ ಫೋನ್ ಸಿಗ್ನಲ್ ಇಲ್ಲ. ಎಷ್ಟು ಗಂಟೆಗೆ ಹೊರಬರುತ್ತೀರೆಂದು ಊರಲ್ಲಿರುವ ಯಾರಿಗಾದರೂ ಹೇಳಿ ಇಳಿಯಿರಿ. ಆ ಹೊತ್ತು ಮೀರಿದರೆ ಅವರು ನ್ಯೂಜಿಲೆಂಡಿನ ತುರ್ತು ಸಂಖ್ಯೆ 111ಕ್ಕೆ ಕರೆ ಮಾಡಲಿ.