ತೋಟದ ಮನೆಗೆ ಫೈಬರ್: ಕಂಬದ ಮೇಲೋ, ಮಣ್ಣಿನೊಳಗೋ?

ರಸ್ತೆಯಿಂದ ತೋಟದ ಮನೆಗೆ ಇಂಟರ್ನೆಟ್ಟಿನ ಫೈಬರ್ ಎಳೆಯಲು ಕಂಬದ ಮೇಲೆ ಹೋಗುವ ಎಡಿಎಸ್‌ಎಸ್ (ತನ್ನ ಭಾರ ತಾನೇ ಹೊರುವ, ಲೋಹವಿಲ್ಲದ) ಕೇಬಲ್ ತರೋದೋ, ಹೂಳುವ ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್ಲೋ ಅಂತ ಕೇಳಿದ್ದೀರಿ. ಮೊದಲು ನಿಮ್ಮ ನೆಲ ನೋಡಿ.

ಹೊರಕವಚ ಕಪ್ಪು ಪಾಲಿಥಿನ್ ಆಗಿದ್ದರೆ ಬಿಸಿಲಿಗೆ ಎರಡೂ ತಾಳುತ್ತವೆ. ಆದರೂ 70 ಡಿಗ್ರಿವರೆಗೆ ಅಂತ ಬರೆದಿರುವುದನ್ನೇ ಕೊಳ್ಳಿ. ರಾಯಚೂರಿನ ಬೇಸಿಗೆಯಲ್ಲಿ ಗಾಳಿಯೇ 40 ದಾಟುತ್ತದೆ, ಬಿಸಿಲಿಗೆ ಬಿದ್ದ ಕಪ್ಪು ಕೇಬಲ್ ಇನ್ನೂ ಜಾಸ್ತಿ ಕಾಯುತ್ತದೆ.

ಹೆಗ್ಗಣದ ಕಾಟವಿದ್ದರೆ ಆರ್ಮರ್ಡ್ ವಾಸಿ. ಅದರ ಉಕ್ಕಿನ ಪಟ್ಟಿ ಹಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಅದೇ ಉಕ್ಕು ಸಿಡಿಲಿನ ವಿದ್ಯುತ್ತನ್ನು ಮನೆಯತ್ತ ತರಬಹುದು, ಹಾಗಾಗಿ ಅರ್ಥಿಂಗ್ ಬೇಕೇ ಬೇಕು. ಎಡಿಎಸ್‌ಎಸ್‌ನಲ್ಲಿ ಲೋಹವೇ ಇಲ್ಲ, ಅರಾಮಿಡ್ ಎಂಬ ಗಟ್ಟಿ ಕೃತಕ ನೂಲು ಭಾರ ಹೊರುತ್ತದೆ. ವಿದ್ಯುತ್ ತಂತಿಯ ಪಕ್ಕ ಹೋಗುವುದಾದರೆ ನಾನು ಇದನ್ನೇ ಹೇಳುತ್ತೇನೆ.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮರ ಬೀಳೋದು ಮಾಮೂಲು, ಅಲ್ವಾ? ಅಲ್ಲಿ ಹೂಳುವುದೇ ನೆಮ್ಮದಿ. ಜಂಬಿಟ್ಟಿಗೆ ಕಲ್ಲು ಸಿಕ್ಕರೆ ಮಾತ್ರ ಅಗೆತದ ಕೂಲಿ ಕೇಬಲ್ ಬೆಲೆಯನ್ನೇ ಮೀರಬಹುದು. ಎರೆಮಣ್ಣಿನಲ್ಲಿ ಬೇರೆ ಕಷ್ಟ: ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅಲ್ಲಿ ಹೂಳುವುದಾದರೆ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನೊಳಗೇ ಹಾಕಿ.

ತುಂಡಾದರೆ ಕಂಬದ ಮೇಲಿನದು ಕಣ್ಣಿಗೇ ಕಾಣುತ್ತದೆ. ಹೂತದ್ದು ಎಲ್ಲಿ ತುಂಡಾಗಿದೆ ಎಂದು ಹುಡುಕಲು, ಫೈಬರಿನೊಳಗೆ ಬೆಳಕು ಬಿಟ್ಟು ದೂರ ಅಳೆಯುವ ಒಟಿಡಿಆರ್ ಉಪಕರಣ ಬೇಕು.